ಬಸ್ಸಿನ ಬಲ್ಬು ಮತ್ತು ಸಿದ್ದಯ್ಯನವರ ಕಿನ್ನರಿ

ಧ್ವನಿಮುದ್ರಣದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ನನ್ನ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾರೆ, ಗೋಡೆಯ ಮೇಲಿನ ಹಳೇ ಫೋಟೊ ನೋಡುತ್ತಾರೆ, ಆಮೇಲೆ ಕೇಳುತ್ತಾರೆ: "ಸಾರ್, ನಿಮ್ಮ ಕಾಲದಲ್ಲಿ ಎಕ್ಸ್‌ಪಾಂಡರ್ ಎಲ್ಲಾ ಇತ್ತಾ?" ಕೇಳುವ ಧಾಟಿಯಲ್ಲೇ 'ಎಲ್ಲಿತ್ತು ಪಾಪ' ಎಂಬ ಕನಿಕರ ಬೆರೆತಿರುತ್ತದೆ. ನನಗೆ ರೇಗಿಹೋಗುತ್ತದೆ. ಇತ್ತಪ್ಪ, ಇತ್ತು. ನಿಮ್ಮದು ಒಂದು ಗುಂಡಿ ತಿರುಗಿಸಿದರೆ ಕೆಲಸ ಮಾಡುತ್ತದೆ, ನಮ್ಮದು ಕಣ್ಣೆದುರಿಗೇ ಮಿಣಮಿಣ ಉರಿಯುತ್ತಿತ್ತು. ಅದರಲ್ಲಿ ಎರಡು ಬಲ್ಬು ಹುಣಸೂರಿನ ಬಸ್ಸಿನವು.

ಐವತ್ತರ ದಶಕದಲ್ಲಿ ನಾನು ಮೈಸೂರಿನ ಒಂದು ಸಣ್ಣ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಹಳ್ಳಿಗಳಿಗೆ ಹೋಗಿ ವಾದ್ಯಗಳನ್ನು ಟೇಪಿನಲ್ಲಿ ಹಿಡಿದು ತರುವುದು, ಸ್ಟುಡಿಯೋದಲ್ಲಿ ಹದಮಾಡಿ ಬೆರೆಸುವುದು, ಆ ಟೇಪನ್ನು ಗ್ರಾಮಫೋನ್ ಪ್ಲೇಟು ಮಾಡುವವರಿಗೆ ಮದರಾಸಿಗೆ ಕಳಿಸುವುದು ನಮ್ಮ ಕಸುಬು. ಮುಂದೆ ನನಗೆ ಬಡ್ತಿ ಯಾವಾಗ ಬಂತು, ಯಾವ ಕುರ್ಚಿ ಸಿಕ್ಕಿತು ಎಂಬುದರಿಂದ ಯಾರಿಗೂ ಉಪಯೋಗವಿಲ್ಲ. ಉಪಯೋಗವಾಗುವುದು ಆ ಬಲ್ಬುಗಳ ಸಮಾಚಾರ.

ಮೊದಲು ಕಷ್ಟ ಏನಿತ್ತು ಎಂದು ತಿಳಿಯಬೇಕು. ಟೇಪಿನ ಹೊಟ್ಟೆ ಬಹಳ ಸಣ್ಣದು. ತೀರಾ ಜೋರಾದ ಸದ್ದು ಕೊಟ್ಟರೆ ಒಡೆದು ಕರಕರ ಎನ್ನುತ್ತದೆ. ತೀರಾ ಮೆತ್ತಗಿನದು ಕೊಟ್ಟರೆ ಟೇಪಿನದೇ 'ಸ್ಸ್' ಎಂಬ ಸದ್ದಿನಲ್ಲಿ ಅದು ಮುಳುಗಿಹೋಗುತ್ತದೆ. ಹಾಗಾಗಿ ಹಿಡಿಯುವಾಗಲೇ ಜೋರನ್ನು ತಗ್ಗಿಸಿ, ಮೆತ್ತಗಿನದನ್ನು ಎತ್ತಿ, ಎಲ್ಲವನ್ನೂ ನಡುವೆ ಅದುಮಿ ಕೂರಿಸುತ್ತಿದ್ದೆವು. ಅದುಮಿದ್ದನ್ನು ಬೆರೆಸುವ ಹೊತ್ತಿಗೆ ಮತ್ತೆ ಬಿಡಿಸಬೇಕಲ್ಲ, ಆ ಬಿಡಿಸುವ ವಿದ್ಯೆಗೇ ನಿಮ್ಮ ಎಕ್ಸ್‌ಪಾಂಡರ್ ಎಂದು ಹೆಸರು. ಜೋರಿಗೂ ಮೆತ್ತಗಿನದಕ್ಕೂ ಇದ್ದ ಅಂತರವನ್ನು ಹಿಗ್ಗಿಸಿ ಕೊಡುವುದು, ಅಷ್ಟೇ.

ನಮ್ಮ ಮುಖ್ಯಸ್ಥರು ಶಾಮರಾಯರು. ಅವರ ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಕೃಷ್ಣರಾಜನಗರ ತಾಲ್ಲೂಕಿನ ಹೊಸ ಅಗ್ರಹಾರದಲ್ಲಿ ಒಮ್ಮೆ ಮದುವೆ ವಾಲಗ ಹಿಡಿಯಲು ಹೋಗಿದ್ದೆವು. ಊದುವುದಕ್ಕೆ ಒಂದು ಮೌರಿ, ಅದರ ಸುತ್ತ ತಮಟೆ, ಡೋಲು. ತಮಟೆಯವರು ಹುಲ್ಲಿನ ಬೆಂಕಿಗೆ ಚರ್ಮ ಕಾಯಿಸಿಕೊಂಡು ಬಂದು ಮೊದಲ ಪೆಟ್ಟು ಹಾಕಿದ್ದೇ ತಡ, ಯಂತ್ರದ ಮುಳ್ಳು ಕೆಂಪು ಗೆರೆ ದಾಟಿ ಅತ್ತಲೇ ಅಂಟಿಕೊಂಡಿತು. ಶಾಮರಾಯರು ಕೈ ಎತ್ತಿ ನಿಲ್ಲಿಸಿದರು.

"ಸ್ವಲ್ಪ ಮೆತ್ತಗೆ ಬಾರಿಸ್ರಪ್ಪ."

ಮೇಳದ ಯಜಮಾನ ತಮಟೆಯನ್ನು ಹೆಗಲಿನಿಂದ ಇಳಿಸಿಬಿಟ್ಟ. "ಯಾಕ್ ಸ್ವಾಮಿ, ನಮ್ಮಿಂದ ಏನಾರ ತಪ್ಪಾಯ್ತಾ?"

"ತಪ್ಪೇನೂ ಇಲ್ಲ. ಮೆತ್ತಗೆ ಅಂದೆ ಅಷ್ಟೆ."

"ಮದ್ವೆ ವಾಲಗವ ಮೆತ್ತಗೆ ಬಾರ್ಸುದ್ರೆ ಎಣ್ಣಿನ ಕಡೆಯೋರ್ಗೆ ಅವಮಾನ ಆಯ್ತದೆ ಕಣ್ ಸ್ವಾಮಿ. ಬ್ಯಾಡ ಅಂದ್ರೆ ಬ್ಯಾಡ ಅನ್ನಿ, ಎದ್ದೋಯ್ತೀವಿ."

"ಇಲ್ಲಿ ಹೆಣ್ಣೂ ಇಲ್ಲ ಗಂಡೂ ಇಲ್ಲವಲ್ಲಯ್ಯ!"

"ಪ್ಲೇಟ್ ಆಕೋರ್ ಮನೇಲಿ ಇರ್ತವಲ್ಲ!"

ಶಾಮರಾಯರು ಯಂತ್ರ ಓಡಿಸು ಎಂದು ನನಗೆ ಕೈಸನ್ನೆ ಮಾಡಿದರು. ಮೇಳದವರು ಬಾರಿಸುವಷ್ಟೂ ಬಾರಿಸಿದರು, ನಾನು ಗುಂಡಿ ಹಿಡಿದು ಅದುಮುವಷ್ಟೂ ಅದುಮಿದೆ. ಮೈಸೂರಿಗೆ ಬಂದು ಹಾಕಿ ಕೇಳಿದರೆ ಒಂಟಿ ಮೌರಿ, ಹತ್ತಾರು ಪೆಟ್ಟಿನ ತಮಟೆ ಎರಡೂ ಒಂದೇ ಎತ್ತರ. ಶಾಮರಾಯರು ನನ್ನ ಕಡೆ ತಿರುಗಿ, "ಏನಯ್ಯ ಪುಟ್ಟಸ್ವಾಮಿ, ದಾರಿಯಲ್ಲಿ ರೋಡ್ ರೋಲರ್ ಹತ್ತಿಸಿಕೊಂಡು ಬಂದ್ಯಾ?" ಎಂದರು. ಬೆರೆಸುವಾಗ ಕೈಯಿಂದಲೇ ಬಿಡಿಸಲು ನೋಡಿದೆ. ಆಗಲಿಲ್ಲ. ಪೆಟ್ಟು ಬಿದ್ದ ಮೇಲೆ ಕೈಗೆ ಎಚ್ಚರವಾಗುತ್ತದೆ, ಕೈ ಏರುವಷ್ಟರಲ್ಲಿ ಪೆಟ್ಟು ಮುಗಿದಿರುತ್ತದೆ. ಆ ಟೇಪು ಹಾಗೇ ಕಪಾಟು ಸೇರಿತು.

ದಾರಿ ತೋರಿಸಿದ್ದು ಕೊಡಗಿನಿಂದ ಬಂದ ಒಂದು ರೇಡಿಯೋಗ್ರಾಂ, ರೇಡಿಯೋ ಗ್ರಾಮಫೋನ್ ಎರಡೂ ಇರುವ ಪೆಟ್ಟಿಗೆ. ಕಾಫಿ ತೋಟದ ಸಾಹುಕಾರರೊಬ್ಬರು ವಿದೇಶದಿಂದ ತರಿಸಿದ್ದು, ದುರಸ್ತಿಗೆಂದು ನಮ್ಮಲ್ಲಿ ಇಳಿಸಿದರು. ಒಳಗೆ ಸ್ಪೀಕರಿಗೆ ಹೋಗುವ ತಂತಿಯ ನಡುವೆ ಎರಡು ಸಣ್ಣ ಬಲ್ಬು ಕೂತಿದ್ದವು, ಒಂದು ಸುಟ್ಟಿತ್ತು. "ಅದು ಬರೀ ಅಲಂಕಾರ, ಕಿತ್ತುಹಾಕಿ" ಎಂದರು ಸಾಹುಕಾರರು. ಪೆಟ್ಟಿಗೆಯ ಒಳಗೆ, ಯಾರ ಕಣ್ಣಿಗೂ ಬೀಳದ ಕಡೆ ಅಲಂಕಾರ ಯಾರು ಮಾಡುತ್ತಾರೆ? ನನಗೆ ಗುಮಾನಿ ಬಂತು. ಬೇರೆ ಬಲ್ಬು ಹಾಕಿ ಪ್ಲೇಟು ಇಟ್ಟೆ. ಹಾಡು ಏರಿದಾಗ ಬಲ್ಬು ಬೆಳಗಿತು, ಇಳಿದಾಗ ಮಂಕಾಯಿತು. ಹಾಡೋ, ಅದುವರೆಗೆ ನಾನು ಯಾವ ಪ್ಲೇಟಿನಲ್ಲೂ ಕೇಳಿರದಷ್ಟು ಏರಿಳಿತದಿಂದ ಬಂತು. ನಾನು ಬೆಂಚಿನ ಮೇಲೆ ಕೂತವನು ಎದ್ದೇ ನಿಂತೆ.

ಉಪಾಯ ಸರಳ. ಸದ್ದು ಸಣ್ಣದಿದ್ದಾಗ ಬಲ್ಬಿನ ತಂತಿ ತಣ್ಣಗಿರುತ್ತದೆ, ಆಗ ಆ ಜೋಡಣೆ ಸದ್ದಿನ ಬಹುಪಾಲನ್ನು ತಾನೇ ನುಂಗಿಕೊಳ್ಳುತ್ತದೆ. ಸದ್ದು ದೊಡ್ಡದಾದರೆ ತಂತಿ ಕಾಯುತ್ತದೆ, ಕಾದಾಗ ಜೋಡಣೆಯ ಸಮತೋಲ ತಪ್ಪಿ ಸದ್ದನ್ನು ಧಾರಾಳವಾಗಿ ಮುಂದಕ್ಕೆ ಬಿಡುತ್ತದೆ. ಮೆತ್ತಗಿನದು ಇನ್ನೂ ಮೆತ್ತಗಾಯಿತು, ಜೋರು ಇನ್ನೂ ಜೋರಾಯಿತು. ಟಾರ್ಚಿನ ಬಲ್ಬು ಕೂರಿಸಿ ಒಂದು ಹಲಗೆಯ ಮೇಲೆ ನಾನೇ ಅದನ್ನು ಕಟ್ಟಿದೆ. ಕಪಾಟಿನಿಂದ ಹೊಸ ಅಗ್ರಹಾರದ ಟೇಪು ತೆಗೆದು ಅದರೊಳಗೆ ಹಾಯಿಸಿದೆ. ಮೌರಿ ಒಂಟಿಯಾಗಿದ್ದಾಗ ಬಲ್ಬು ಕಣ್ಣು ಮುಚ್ಚಿಕೊಂಡಿತ್ತು. ತಮಟೆ ಬಿದ್ದಾಗ ಝಗ್ ಎಂದಿತು. ಕೋಣೆಯ ಕಿಟಕಿ ಗಾಜು ಅದುರಿತು. ಶಾಮರಾಯರು ಬಾಗಿಲಲ್ಲಿ ಬಂದು ನಿಂತು, "ಅಂತೂ ಹೆಣ್ಣಿನ ಕಡೆಯವರ ಮರ್ಯಾದೆ ಉಳೀತು" ಎಂದರು. ಅಂದಿನಿಂದ ನಮ್ಮ ಸ್ಟುಡಿಯೋದಲ್ಲಿ ಈ ಕೆಲಸಕ್ಕೆ 'ಬಲ್ಬು ಹಾಕೋದು' ಎಂದೇ ಹೆಸರಾಯಿತು. ನಾನು ಕಾಲು ನೆಲಕ್ಕೆ ತಾಗದಂತೆ ಓಡಾಡಿದೆ.

ಆದರೆ ಬಲ್ಬಿನ ನಿಜವಾದ ಪರೀಕ್ಷೆ ಆದದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದ ಸಿದ್ದಯ್ಯನವರಿಂದ.

ಸಿದ್ದಯ್ಯನವರು ಕಿನ್ನರಿ ಜೋಗಿ. ಕಿನ್ನರಿ ಎಂದರೆ ಬಿದಿರಿನ ಕೋಲಿಗೆ ಸೋರೆ ಬುರುಡೆ ಕಟ್ಟಿ ತಂತಿ ಎಳೆದ ವಾದ್ಯ. ಎದೆಗೆ ಆನಿಸಿಕೊಂಡು ನುಡಿಸುತ್ತಾರೆ, ಅದರ ಸದ್ದು ನುಡಿಸುವವನ ಎದೆಗೇ ಮೊದಲು, ಎದುರಿಗೆ ಕೂತವನಿಗೆ ಆಮೇಲೆ. ನಾವು ಹೋದ ದಿನ ಅವರ ಜೊತೆ ದಮ್ಮಡಿ ಎಂಬ ಸಣ್ಣ ಚರ್ಮವಾದ್ಯ ಬಡಿದು ಪದ ಹೇಳುವ ಮಗಳು ಚೆನ್ನಾಜಮ್ಮ ಊರಲ್ಲಿರಲಿಲ್ಲ, ಪಿರಿಯಾಪಟ್ಟಣದ ಕಡೆ ಕಂಪಲಾಪುರದಲ್ಲಿ ಗಂಡನ ಮನೆಯಲ್ಲಿದ್ದರು. ಸರಿ, ಸದ್ಯಕ್ಕೆ ಕಿನ್ನರಿಯೊಂದನ್ನೇ ನಮೂನೆಗೆ ಹಿಡಿದುಕೊಳ್ಳೋಣ, ಆಮೇಲೆ ಅಪ್ಪ ಮಗಳಿಬ್ಬರನ್ನೂ ಮೈಸೂರಿಗೆ ಕರೆಸಿ ಚೆನ್ನಾಗಿ ಮುದ್ರಿಸೋಣ ಎಂದುಕೊಂಡೆವು.

ಊರಿಗೆ ಕರೆಂಟು ಬಂದಿರಲಿಲ್ಲ. ವ್ಯಾನಿನೊಳಗೆ ಬ್ಯಾಟರಿಯಿಂದ ತಿರುಗಿ ಯಂತ್ರಕ್ಕೆ ಕರೆಂಟು ಕೊಡುವ ಒಂದು ಕನ್ವರ್ಟರ್ ಇತ್ತು, ಅದು ಓಡುವಷ್ಟು ಹೊತ್ತೂ 'ಗುಂಯ್' ಎನ್ನುತ್ತಿತ್ತು. ವ್ಯಾನನ್ನು ಕೇಬಲ್ ಎಟುಕುವಷ್ಟು ದೂರ ನಿಲ್ಲಿಸಿದೆವು. ಆದರೆ ಕಿನ್ನರಿಯ ಸದ್ದು ಸಿಗಬೇಕಾದರೆ ಮೈಕಿನ ಗುಂಡಿಯನ್ನು ಪೂರ್ತಿ ಏರಿಸಬೇಕು, ಏರಿಸಿದರೆ ಕಿನ್ನರಿಯ ಹಿಂದೆಯೇ ಗುಂಯ್ ಕೂಡ ಒಳಗೆ ನುಗ್ಗುತ್ತಿತ್ತು. ನಮೂನೆ ತಾನೇ, ಇರಲಿ ಎಂದು ಹಿಡಿದೆ.

ಸಿದ್ದಯ್ಯನವರ ಮನೆತನಕ್ಕೆ ಒಂದು ಪದ್ಧತಿ ಇತ್ತು. ಒಂದು ನುಡಿ ಬಾರಿಸಿ, ಕಡೆಯ ತಂತಿ ಮೀಟಿ, ಬಲಗೈಯನ್ನು ಮೇಲೆತ್ತಿ ಹಿಡಿಯುತ್ತಿದ್ದರು. ತಂತಿಯ ನಾದ ಸಣ್ಣಗಾಗುತ್ತಾ ಆಗುತ್ತಾ ಪೂರ್ತಿ ಆರುವವರೆಗೆ ಕೈ ಗಾಳಿಯಲ್ಲೇ ಇರುತ್ತಿತ್ತು. ಆರಿತೋ, ಕೈ ಇಳಿಯುತ್ತಿತ್ತು, ಆಗ ಪದ. ಅಂದು ಮಗಳಿಲ್ಲದ್ದರಿಂದ ಪದದ ಜಾಗವನ್ನು ಖಾಲಿ ಬಿಟ್ಟು ಮುಂದಿನ ನುಡಿ ಹಿಡಿದರು. ಕೈ ಯಾಕೆ ಹಾಗೆ ಎತ್ತಿ ಹಿಡಿಯುತ್ತೀರಿ ಎಂದು ಕೇಳಿದೆ.

"ನಾದ ಆರಾಗಂಟ ಮಾತೆತ್ಬಾರ್ದು ಕಣಪ್ಪ" ಎಂದರು. "ತಂತಿ ಇನ್ನೂವೆ ಮಾತಾಡ್ತಿರ್ತದೆ. ಇರೀಕರು ಮಾತಾಡ್ವಾಗ ನಡುವೆ ಬಾಯ್ ಆಕ್ತೀವಾ? ಅಂಗೇಯ ಇದೂವೆ."

ಕೆಲವು ವಾರ ಕಳೆದು ಚೆನ್ನಾಜಮ್ಮ ಒಬ್ಬರೇ ಸ್ಟುಡಿಯೋಗೆ ಬಂದರು. ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಮಾತು ನಿಂತಿರಲಿಲ್ಲ, ಕೈ ಮಾತ್ರ ತೊಡೆಯ ಮೇಲೆ ಇಟ್ಟಲ್ಲೇ ಇರುತ್ತಿತ್ತು. "ಇನ್ನ ಕಿನ್ನರಿ ಗೂಟದ್ ಮ್ಯಾಲೇಯ ಸ್ವಾಮಿ. ನೀವ್ ಅವತ್ತು ಇಡ್ಕಂಡೋದ್ರಲ್ಲ, ಅದೊಂದೇ ಇರಾದು" ಎಂದರು. ನಾನು ಎದ್ದುಹೋಗಿ ಆ ಟೇಪು ತಂದೆ.

ಶಾಮರಾಯರು ಟೇಪು ಹಾಕಿಸಿ ಕೇಳಿದರು. ಕಿನ್ನರಿಗಿಂತ ಮೊದಲು ಗುಂಯ್ ಕೇಳಿಸಿತು. "ಇದನ್ನ ಪ್ಲೇಟು ಮಾಡಿದರೆ ಜನ ದುಂಬಿ ಹಿಡಿದು ತಂದಿದ್ದಾರೆ ಅಂತಾರೆ" ಎಂದರು. "ಸೋಮವಾರ ಮದರಾಸಿಗೆ ಟೇಪು ಹೋಗಲೇಬೇಕು ಪುಟ್ಟಸ್ವಾಮಿ. ಈಕೆಯ ಪದಕ್ಕೆ ಹಾರ್ಮೋನಿಯಂ ಕೊಡಿಸೋಣ, ಕಿನ್ನರಿ ಬಿಟ್ಟುಬಿಡು."

"ಹಾರ್ಮೋನಿಯಂ ಪೆಟ್ಟಿಗೆ ಊರ ತುಂಬಾ ಇದೆ ಸಾರ್. ಇದು ಇರೋದು ಒಂದೇ" ಎಂದೆ. ದನಿ ಸ್ವಲ್ಪ ಏರಿಯೇ ಇತ್ತು. ಅವರು ನನ್ನ ಮುಖ ನೋಡಿದರು. "ಸೋಮವಾರ ಬೆಳಿಗ್ಗೆ ಕೇಳಿಸು. ಗುಂಯ್ ಅನ್ನೋದು ನನ್ನ ಕಿವಿಗೆ ಬಿದ್ದರೆ ಹಾರ್ಮೋನಿಯಂ" ಎಂದು ಎದ್ದುಹೋದರು.

ಇಲ್ಲಿ ಹುಡುಗರು ಗಮನಿಸಬೇಕು. ಬಲ್ಬನ್ನು ನಾನು ಬೆರೆಸಿದ ಒಟ್ಟು ಸದ್ದಿಗೆ ಹಾಕಲಿಲ್ಲ, ಕಿನ್ನರಿಯ ಟೇಪೊಂದಕ್ಕೇ ಹಾಕಿದೆ. ಒಟ್ಟು ಸದ್ದಿಗೆ ಹಾಕಿದರೆ ದಮ್ಮಡಿಯ ಪ್ರತಿ ಪೆಟ್ಟಿಗೂ ಬಲ್ಬು ಬೆಳಗಿ, ಗುಂಯ್ ತಾನೂ ತಲೆ ಎತ್ತುತ್ತದೆ. ಯಾವ ವಾದ್ಯಕ್ಕೆ ಕಾಯಿಲೆಯೋ ಅದಕ್ಕೆ ಮಾತ್ರ ಔಷಧ. ಚೆನ್ನಾಜಮ್ಮನನ್ನು ಮೈಕಿನ ಮುಂದೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಅಪ್ಪನ ಕಿನ್ನರಿ ಕೇಳುತ್ತಾ ದಮ್ಮಡಿ ಬಡಿದು ಪದ ಹೇಳುವಂತೆ ಹೇಳಿದೆ. ಎರಡನ್ನೂ ಬೆರೆಸಿ ಇನ್ನೊಂದು ಟೇಪಿಗೆ ಇಳಿಸುವುದು ನನ್ನ ಯೋಚನೆ.

ಟೇಪು ಓಡಿತು. ಕಿನ್ನರಿ ಮೀಟಿದಾಗ ಬಲ್ಬು ಮಿನುಗಿತು, ಬಿಡುವಿನಲ್ಲಿ ಆರಿತು, ಗುಂಯ್ ಮಂಗಮಾಯ. ನಾನು ಒಳಗೊಳಗೇ ಚಪ್ಪಾಳೆ ಹೊಡೆದುಕೊಳ್ಳುತ್ತಿದ್ದೆ. ಆ ಹೊತ್ತಿಗೆ ಚೆನ್ನಾಜಮ್ಮ ಹೆಡ್‌ಫೋನ್ ಕಿತ್ತು ಪಕ್ಕಕ್ಕಿಟ್ಟರು.

"ಇದು ನಮ್ಮಪ್ಪಂದಲ್ಲ."

"ಯಾಕಮ್ಮ? ಗುಂಯ್ ಹೋಯ್ತಲ್ಲ!"

"ಗುಂಯ್ ಜತೇಲಿ ನಮ್ಮಪ್ಪನೂ ವೋದ. ತಂತಿ ಮೀಟ್ತಿದ್ದಂಗೆ ಯಾರೋ ಬಾಯ್ ಮುಚ್ದಂಗಾಯ್ತದೆ. ನಾದ ಆರಾದೇ ಇಲ್ವಲ್ಲ, ನಾನೆಲ್ಲಿ ಪದ ಎತ್ಲಿ?"

ನನಗೆ ಮೈಯೆಲ್ಲ ಉರಿಯಿತು. ಅವರು ಹೋದ ಮೇಲೆ ಟೇಪನ್ನು ಮತ್ತೆ ಮತ್ತೆ ಹಾಕಿದೆ. ಎಷ್ಟು ಸಲ ಹಾಕಿದರೂ ಆಕೆಯ ಮಾತೇ ಸರಿ ಎನ್ನಿಸಿತು. ಕಿವಿ ಬಿಟ್ಟು ಕಣ್ಣಿನಿಂದ ನೋಡಲು ಶುರುಮಾಡಿದೆ. ತಂತಿ ಮೀಟಿದ ಸದ್ದಿಗೆ ಬಲ್ಬು ಬೆಳಗಿ, ಮರುಕ್ಷಣವೇ ಪಕ್ಕನೆ ಆರಿಬಿಡುತ್ತಿತ್ತು. ಟಾರ್ಚಿನ ಬಲ್ಬಿನದು ಕೂದಲೆಳೆಯಂಥ ತಂತಿ. ತಮಟೆಯ ಪೆಟ್ಟಿಗೆ ಆ ಚುರುಕು ಒಪ್ಪಿತ್ತು, ಕಿನ್ನರಿಯ ಇಳಿನಾದಕ್ಕೆ ಒಪ್ಪಲಿಲ್ಲ. ತೆಳು ತಗಡು ಒಲೆಯಿಂದ ಇಳಿಸಿದ ಕೂಡಲೇ ತಣ್ಣಗಾಗುತ್ತದೆ, ದಪ್ಪ ರೊಟ್ಟಿ ಹಂಚು ಬಹಳ ಹೊತ್ತು ಬಿಸಿ ಹಿಡಿದಿರುತ್ತದೆ. ನನಗೆ ಬೇಕಾದದ್ದು ರೊಟ್ಟಿ ಹಂಚಿನಂಥ ಬಲ್ಬು!

ನಾನು ಹುಣಸೂರಿನವನು. ಚಿಕ್ಕಂದಿನಿಂದ ಅಲ್ಲಿಯ ಬಸ್ಸುಗಳನ್ನು ನೋಡಿದವನು. ಬಸ್ಸು ನಿಂತು ದೀಪ ಆರಿಸಿದ ಮೇಲೂ ಗಾಜಿನೊಳಗೆ ತಂತಿ ಒಂದು ಗಳಿಗೆ ಕೆಂಪಗೆ ಉಳಿದಿರುವುದು ನೆನಪಾಯಿತು. ಶನಿವಾರ ಹುಣಸೂರಿಗೆ ಹೊರಟೆ. ಬಸ್ ರಿಪೇರಿ ಶೆಡ್ಡಿನ ಮೇಸ್ತ್ರಿ ಖಾದರ್ ಸಾಬರು ನನಗೆ ಹಳೆಯ ಪರಿಚಯ.

"ಬಸ್ಸಿನ ಬಲ್ಬಾ? ಹಾಡಿಗಾ?" ಎಂದು ಅವರು ಗಡ್ಡ ಕೆರೆದುಕೊಂಡರು. "ಕ್ಯಾ ಬಾತ್ ಹೈ! ಹಾಡಿಗೆ ಲೈಟ್ ಹಾಕ್ಕೊಂಡು ಎಲ್ಲಿಗೆ ಹೊರಟ್ರಿ ಸ್ವಾಮಿ?"

"ಹಂಪಾಪುರಕ್ಕೆ" ಎಂದೆ.

ಅವರ ಬಳಿ ಇದ್ದ ಬಲ್ಬುಗಳನ್ನೆಲ್ಲ ಒಂದು ತಟ್ಟೆಗೆ ಸುರಿಸಿಕೊಂಡು, ಬ್ಯಾಟರಿಗೆ ಒಂದೊಂದನ್ನೇ ತಾಗಿಸಿ ಬಿಟ್ಟು, ಯಾವುದರ ಕೆಂಪು ನಿಧಾನಕ್ಕೆ ಆರುತ್ತದೆ ಎಂದು ನೋಡತೊಡಗಿದೆ. ಮಟಮಟ ಮಧ್ಯಾಹ್ನ, ಬಿಸಿಲಿನಲ್ಲಿ ಏನೂ ಕಾಣಲಿಲ್ಲ. ಒಂದು ಗೋಣಿಚೀಲವನ್ನು ತಲೆಯ ಮೇಲೆ ಹೊದ್ದುಕೊಂಡು ಕೂತೆ. ಪಿರಿಯಾಪಟ್ಟಣದ ಬಸ್ಸಿಗೆ ಕಾಯುತ್ತಿದ್ದವರು ಸುತ್ತ ನೆರೆದರು. ಗೋಣಿಯ ಹೊರಗಿನಿಂದ ಮಾತು ಕೇಳಿಸಿತು:

"ಏನ್ಲಾ ಅದು, ಗಾಳಿ ಬಿಡುಸ್ತಾವ್ರಾ?"

"ಇಲ್ಲ ಕಣ್ಲಾ, ಮೈಸೂರ್‌ನೋರಂತೆ. ಬಲ್ಬಿಗೆ ಅಂಜನ ಆಕ್ತಾವ್ರೆ."

ನಗಲಿ ಬಿಡಿ ಎಂದುಕೊಂಡೆ. ಕೊನೆಗೆ ಬಸ್ಸಿನ ಹಿಂದಿನ ಕೆಂಪು ದೀಪಕ್ಕೆ ಹಾಕುವ ಬಲ್ಬು ನನ್ನ ಮನಸ್ಸಿಗೆ ಬಂತು. ಬೆಂಕಿ ಬೂದಿಗೆ ಸರಿಯುವಂತೆ ಸಮಾಧಾನವಾಗಿ ಆರುತ್ತಿತ್ತು. ಅಂಥವು ಒಂದೇ ಜಾತಿಯವು ಎರಡು ಬೇಕಿತ್ತು, ತಟ್ಟೆಯಲ್ಲಿ ಇದ್ದದ್ದು ಒಂದೇ. ಖಾದರ್ ಸಾಬರು ಎದ್ದು, ಗಾಲಿ ಬಿಚ್ಚಿ ನಿಲ್ಲಿಸಿದ್ದ ಬಸ್ಸಿನ ಹಿಂದಕ್ಕೆ ಹೋಗಿ ಇನ್ನೊಂದನ್ನು ಕಿತ್ತು ತಂದು ಕೈಗಿಟ್ಟರು. "ಈ ಗಾಡಿ ಗುರುವಾರದವರೆಗೂ ಏಳಲ್ಲ. ತಗೊಂಡ್ಹೋಗಿ, ಹಾಡು ಮುಂದೆ ಹೋಗ್ಲಿ" ಎಂದರು.

ಆ ಬಲ್ಬು ಉರಿಯಲು ಹೆಚ್ಚು ಶಕ್ತಿ ಬೇಕಿತ್ತು. ಬಯಲು ಸಭೆಗಳಿಗೆ ಒಯ್ಯುವ ದೊಡ್ಡ ಆಂಪ್ಲಿಫೈಯರನ್ನು ಒಳಕ್ಕೆ ಎಳೆದು ತಂದು ಜೋಡಿಸಿದೆ. ಭಾನುವಾರ ಮತ್ತೆ ಚೆನ್ನಾಜಮ್ಮನನ್ನು ಕೂರಿಸಿದೆ. ಮುಖ ಬಿಗಿದುಕೊಂಡೇ ಹೆಡ್‌ಫೋನ್ ಹಾಕಿಕೊಂಡರು. ಮೊದಲ ನುಡಿ ಬಂತು. ಕಡೆಯ ತಂತಿ ಮೀಟಿತು. ಬಲ್ಬು ಹೊಂಬಣ್ಣಕ್ಕೆ ಏರಿ, ಕೆಂಪಾಗಿ, ಕಂದಾಗಿ, ಇಳಿಯುತ್ತಾ ಹೋಯಿತು. ಅದರ ಜೊತೆ ನಾದವೂ ಇಳಿಯಿತು, ನಾದದ ಬೆನ್ನ ಹಿಂದೆ ಗುಂಯ್ ಕೂಡ ತೆಪ್ಪಗೆ ಇಳಿದುಹೋಯಿತು. ಎಲ್ಲಿಯೂ ಕತ್ತರಿಸಿದ ಗುರುತಿಲ್ಲ. ಚೆನ್ನಾಜಮ್ಮ ಕಣ್ಣು ಮುಚ್ಚಿ ಕಾದರು, ಕಾದರು, ಆಮೇಲೆ ಪದ ಎತ್ತಿದರು. ಎಲ್ಲಿ ಎತ್ತಬೇಕೆಂದು ಯಾರೂ ಹೇಳಬೇಕಾಗಲಿಲ್ಲ. ಪದ ಮುಗಿಯುವವರೆಗೂ ಅವರ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ದಮ್ಮಡಿಯ ಪೆಟ್ಟು ಮಾತ್ರ ಒಂದೂ ತಪ್ಪಲಿಲ್ಲ.

ಸೋಮವಾರ ಶಾಮರಾಯರು ಸ್ಪೀಕರಿಗೆ ಕಿವಿ ಕೊಟ್ಟು ಕೂತರು. ಮುಗಿದ ಮೇಲೆ ನನ್ನತ್ತ ತಿರುಗಿದರು.

"ಕನ್ವರ್ಟರ್ ಎಲ್ಲಿ ಹೋಯ್ತಯ್ಯ?"

"ಒಳಗೇ ಇದೆ ಸಾರ್. ತಲೆ ಎತ್ತಲ್ಲ."

"ಹಾರ್ಮೋನಿಯಂ ಮೇಷ್ಟರಿಗೆ ಬರೋದು ಬೇಡ ಅಂತ ಹೇಳಿ ಕಳಿಸು" ಎಂದರು. ಟೇಪನ್ನು ಡಬ್ಬಿಗೆ ಹಾಕಿ, ಕಾಗದ ಸುತ್ತಿ, ದಾರವನ್ನು ತಾವೇ ಕಟ್ಟಿದರು. ಅದುವರೆಗೆ ಆ ಕೆಲಸವನ್ನು ಅವರು ತಮ್ಮ ಕೈಯಾರೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ನಾನು ಹೊರಗೆ ಬಂದು ಬೀದಿಯಲ್ಲಿ ನಿಂತು, ಯಾರೂ ಇಲ್ಲದ್ದು ನೋಡಿಕೊಂಡು, ಮುಷ್ಟಿ ಕಟ್ಟಿ ಗಾಳಿಗೆ ಗುದ್ದಿದೆ.

ಮೊದಲ ಪ್ಲೇಟು ಬಂದ ವಾರವೇ ಶಾಮರಾಯರೂ ನಾನೂ ಹಂಪಾಪುರಕ್ಕೆ ಹೋದೆವು. ವ್ಯಾನನ್ನು ಬೇಕೆಂದೇ ಊರಾಚೆ ನಿಲ್ಲಿಸಿ, ಕೀಲಿ ಕೊಡುವ ಗ್ರಾಮಫೋನನ್ನು ನಾನೇ ಹೊತ್ತು ನಡೆದೆ. ಚೆನ್ನಾಜಮ್ಮ ಕಂಪಲಾಪುರದಿಂದ ಆಗಲೇ ಬಂದಿದ್ದರು. ಸಿದ್ದಯ್ಯನವರು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಹೊಲದಿಂದ ಬಂದವರು, ದನ ಕಟ್ಟಿ ಬಂದವರು ಎಲ್ಲ ಅಂಗಳದಲ್ಲಿ ಸೇರಿ ಗಲಗಲ ಎನ್ನುತ್ತಿದ್ದರು.

ಗ್ರಾಮಫೋನಿನ ಮುಳ್ಳು ಒಂದು ಸಲ ಹಾಡಿದರೆ ಸವೆದುಹೋಗುವಂಥದ್ದು, ಹೊಸದೊಂದನ್ನು ಸಿಕ್ಕಿಸಿ ಪ್ಲೇಟಿಗೆ ಇಟ್ಟೆ. ಕಿನ್ನರಿ ಬಂತು. ಮೊದಲಿಗೆ ಸಿದ್ದಯ್ಯನವರ ಮುಖದಲ್ಲಿ ಏನೂ ಕಾಣಲಿಲ್ಲ. ಕಡೆಯ ತಂತಿ ಮೀಟಿತು. ಜನರ ಗದ್ದಲ ಇನ್ನೂ ನಡೆದೇ ಇತ್ತು.

ಅವರ ಎಡಗೈ ಮೇಲೆದ್ದಿತು.

ಅಂಗಳ ತಣ್ಣಗಾಯಿತು. ಕೈ ಗಾಳಿಯಲ್ಲಿ ನಿಂತೇ ಇತ್ತು. ನಾದ ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು, ಪ್ಲೇಟಿನ ಚರಚರ ಸದ್ದಿನ ಅಂಚಿಗೆ ಹೋಗಿ ಆರಿತು. ಕೈ ಇಳಿಯಿತು. ಇಳಿದ ಆ ಗಳಿಗೆಗೇ ಗ್ರಾಮಫೋನಿನ ಬಾಯಿಂದ ಚೆನ್ನಾಜಮ್ಮನ ಪದ ಎದ್ದಿತು. ಒಂದು ಕೂದಲೆಳೆ ಹಿಂದಿಲ್ಲ, ಮುಂದಿಲ್ಲ. ಶಾಮರಾಯರು ನನ್ನ ಭುಜ ಹಿಡಿದು ನೋವಾಗುವಷ್ಟು ಅದುಮಿದರು.

ಪದ ಮುಗಿಯಿತು. ಸಿದ್ದಯ್ಯನವರು ಅಂಗಳದವರ ಕಡೆ ಒಮ್ಮೆ ಗತ್ತಿನಿಂದ ಕಣ್ಣಾಡಿಸಿ ನನ್ನತ್ತ ತಿರುಗಿದರು.

"ಇನ್ನೊಂದ್ ಸಲ ಆಕ್ಲಾ ಮಗ."

ಹಾಕಿದೆ. ಡಬ್ಬಿಯಲ್ಲಿದ್ದ ಮುಳ್ಳುಗಳೆಲ್ಲ ಮುಗಿಯುವವರೆಗೂ ಹಾಕಿದೆ. ಪ್ರತಿ ಸಲವೂ ಆ ಎಡಗೈ ಏರಿತು, ಪ್ರತಿ ಸಲವೂ ತಪ್ಪದೆ ಪದದ ಹೊತ್ತಿಗೇ ಇಳಿಯಿತು.